ಬಹುಆಯ್ಕೆ ಪ್ರಶ್ನೆ ಪರೀಕ್ಷೆ: ವೃತ್ತಿ ಶಿಕ್ಷಣ ಮತ್ತು ಉನ್ನತ ವಿಜ್ಞಾನ ಶಿಕ್ಷಣದಲ್ಲಿ ಅದರ ಇತಿಹಾಸ

ಒಂದು ಪ್ರಶ್ನೆ, ಅದರ ಕೆಳಗೆ ಮೂರರಿಂದ ಐದು ಉತ್ತರಗಳು. ಅವುಗಳಲ್ಲಿ ಸರಿಯಾದದ್ದನ್ನು ಅಥವಾ ಎಲ್ಲಕ್ಕಿಂತ ಸೂಕ್ತವಾದದ್ದನ್ನು ಗುರುತಿಸಬೇಕು. ಇದೇ ಬಹುಆಯ್ಕೆ ಪ್ರಶ್ನೆ. ವಸ್ತುನಿಷ್ಠ ಪ್ರಶ್ನೆ, ಆಬ್ಜೆಕ್ಟಿವ್ ಟೈಪ್, ಎಂಸಿಕ್ಯೂ ಎಂಬ ಹೆಸರುಗಳೂ ಬಳಕೆಯಲ್ಲಿವೆ. 20ನೇ ಶತಮಾನದ ಎರಡನೇ ದಶಕದಲ್ಲಿ ಅಮೆರಿಕದ ಶಾಲಾಮಕ್ಕಳ ಓದಿನ ಪರೀಕ್ಷೆಯಾಗಿ ಹುಟ್ಟಿದ ಈ ಪದ್ಧತಿ, ನೂರು ವರ್ಷಗಳೊಳಗೆ ವೈದ್ಯರು, ವಕೀಲರು, ಎಂಜಿನಿಯರುಗಳು, ಸಂಶೋಧಕರು ದಾಟಲೇಬೇಕಾದ ಹೊಸ್ತಿಲಾಯಿತು. ಇದರ ಇತಿಹಾಸದಲ್ಲಿ ಎರಡು ಎಳೆಗಳಿವೆ. ಲಕ್ಷಾಂತರ ಉತ್ತರಗಳನ್ನು ಬೇಗ, ಅಗ್ಗವಾಗಿ, ಪಕ್ಷಪಾತವಿಲ್ಲದೆ ತಿದ್ದಬೇಕೆಂಬ ಒತ್ತಡ ಒಂದು. ತಪ್ಪು ಆಯ್ಕೆಗಳನ್ನು ಬುದ್ಧಿಪೂರ್ವಕವಾಗಿ ಕಟ್ಟುವ ಕಲೆ ಇನ್ನೊಂದು. ಮೊದಲನೆಯದು ಬೇಗ ಬೆಳೆಯಿತು, ಎರಡನೆಯದು ನಿಧಾನವಾಗಿ. ಪರೀಕ್ಷೆಯ ಯೋಗ್ಯತೆ ನಿಂತಿರುವುದು ಮಾತ್ರ ಎರಡನೆಯದರ ಮೇಲೆ.

ಹುಟ್ಟು

1912-13ರಲ್ಲಿ ಅಮೆರಿಕದ ಸಂಶೋಧಕರಾದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದೇ ಉತ್ತರ ಪತ್ರಿಕೆಯ ಪ್ರತಿಗಳನ್ನು ಹಲವು ಪ್ರೌಢಶಾಲೆಗಳ ಶಿಕ್ಷಕರಿಂದ ತಿದ್ದಿಸಿದರು. ಇಂಗ್ಲಿಷ್ ಪತ್ರಿಕೆಗೆ ಒಬ್ಬರು ಕೊಟ್ಟ ಅಂಕಕ್ಕೂ ಮತ್ತೊಬ್ಬರು ಕೊಟ್ಟ ಅಂಕಕ್ಕೂ ಅಜಗಜಾಂತರವಿತ್ತು. ಭಾಷಾ ವಿಷಯದಲ್ಲಿ ಇದು ಇದ್ದದ್ದೇ ಎನ್ನಬಹುದಿತ್ತು. ಆದರೆ ರೇಖಾಗಣಿತದ ಪತ್ರಿಕೆಯಲ್ಲೂ ಅಂಕಗಳು ಹಾಗೆಯೇ ಚದುರಿದವು. ಶಿಕ್ಷಕರು ಕೊಡುವ ಅಂಕಗಳ ಇದೇ ಏರಿಳಿತವನ್ನು ತಮ್ಮ ಸಂಶೋಧನಾ ಪ್ರಬಂಧದ ವಿಷಯ ಮಾಡಿಕೊಂಡಿದ್ದ ಫ್ರೆಡರಿಕ್ ಕೆಲ್ಲಿ, ಕಾನ್ಸಾಸ್ ರಾಜ್ಯದ ಎಂಪೋರಿಯಾದ ಶಿಕ್ಷಕರ ಕಾಲೇಜಿನಲ್ಲಿದ್ದಾಗ ‘ಕಾನ್ಸಾಸ್ ಮೌನವಾಚನ ಪರೀಕ್ಷೆ’ಯನ್ನು ರೂಪಿಸಿದರು. ಪ್ರಶ್ನೆಗೆ ಒಂದೇ ಸರಿಯುತ್ತರ ಇರಬೇಕು, ಉತ್ತರ ಪೂರ್ತಿ ಸರಿ ಅಥವಾ ಪೂರ್ತಿ ತಪ್ಪು ಆಗಿರಬೇಕು ಎಂಬುದು ಅವರ ನಿಯಮ. ಬಹುಆಯ್ಕೆ ಪ್ರಶ್ನೆಯ ಜನಕರೆಂದು ಸಾಮಾನ್ಯವಾಗಿ ಹೆಸರಿಸುವುದು ಇವರನ್ನೇ.

ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಸೇನೆ. ಮೊದಲ ಮಹಾಯುದ್ಧದ ವೇಳೆ ಮನೋವಿಜ್ಞಾನಿ ರಾಬರ್ಟ್ ಯರ್ಕ್ಸ್ ಅವರ ತಂಡ, ಓದುಬಲ್ಲವರಿಗೆ ‘ಆರ್ಮಿ ಆಲ್ಫಾ’, ಓದುಬಾರದವರಿಗೆ ‘ಆರ್ಮಿ ಬೀಟಾ’ ಎಂಬ ಪರೀಕ್ಷೆಗಳನ್ನು ಸುಮಾರು 17 ಲಕ್ಷ ಸೈನಿಕರಿಗೆ ಕೊಟ್ಟಿತು. ಆ ತಂಡದಲ್ಲಿದ್ದ ಕಾರ್ಲ್ ಬ್ರಿಗಮ್ ಮುಂದೆ ರೂಪಿಸಿದ ಎಸ್ಎಟಿ ಪರೀಕ್ಷೆ 1926ರಲ್ಲಿ ಕಾಲೇಜು ಪ್ರವೇಶಕ್ಕೆ ಬಂತು.

ತಿದ್ದುವ ಯಂತ್ರಗಳು

ಮೊದಲ ಎರಡು ದಶಕ ಇಂಥ ಪತ್ರಿಕೆಗಳನ್ನೂ ಕೈಯಲ್ಲೇ ತಿದ್ದುತ್ತಿದ್ದರು. ಮಿಶಿಗನ್‌ನ ಪ್ರೌಢಶಾಲಾ ವಿಜ್ಞಾನ ಶಿಕ್ಷಕ ರೆನಾಲ್ಡ್ ಜಾನ್ಸನ್, ಪೆನ್ಸಿಲ್ ಸೀಸದ ಗ್ರಾಫೈಟ್ ವಿದ್ಯುತ್ತನ್ನು ಹರಿಯಬಿಡುತ್ತದೆ ಎಂಬ ಸರಳ ಸಂಗತಿಯನ್ನು ಹಿಡಿದು ಗುರುತುಗಳನ್ನು ಓದುವ ಉಪಕರಣ ಮಾಡಿದರು. ಐಬಿಎಂ ಕಂಪನಿ ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿತು. 1938ರಲ್ಲಿ ‘ಐಬಿಎಂ 805’ ಯಂತ್ರ ಮಾರುಕಟ್ಟೆಗೆ ಬಂತು. ಮುಂದೆ ಗಣಕದ ಹಾರ್ಡ್ ಡಿಸ್ಕ್ ರೂಪಿಸಿದ ತಂಡದ ಮುಖ್ಯಸ್ಥರೂ ಇದೇ ಜಾನ್ಸನ್. 1950ರ ದಶಕದಲ್ಲಿ ಅಯೋವಾ ವಿಶ್ವವಿದ್ಯಾಲಯದ ಇ. ಎಫ್. ಲಿಂಡ್‌ಕ್ವಿಸ್ಟ್ ಬೆಳಕಿನಿಂದ ಗುರುತು ಓದುವ ಯಂತ್ರವನ್ನು ಬಳಕೆಗೆ ತಂದರು. ನಮ್ಮ ಪರೀಕ್ಷಾ ಕೊಠಡಿಗಳ ಒಎಂಆರ್ ಹಾಳೆ ಈ ವಂಶದ್ದು. ಗ್ರಾಫೈಟಿನ ಹಂಗು ಹೋದದ್ದರಿಂದಲೇ ಇಂದು ವೃತ್ತಗಳನ್ನು ಬಾಲ್‌ಪೆನ್ನಿನಲ್ಲೂ ತುಂಬಬಹುದು.

ವೈದ್ಯ ಶಿಕ್ಷಣ

ಅಮೆರಿಕದ ವೈದ್ಯಕೀಯ ಪರೀಕ್ಷಕರ ರಾಷ್ಟ್ರೀಯ ಮಂಡಳಿ 1915ರಲ್ಲಿ ಸ್ಥಾಪನೆಯಾಗಿ ಮರುವರ್ಷ ಮೊದಲ ಪರೀಕ್ಷೆ ನಡೆಸಿತು. ಆಗ ಇದ್ದದ್ದು ಪ್ರಬಂಧರೂಪದ ಉತ್ತರ, ಪ್ರಯೋಗ ಮತ್ತು ರೋಗಿಯ ಹಾಸಿಗೆಯ ಬದಿಯಲ್ಲೇ ನಡೆಯುವ ಮೌಖಿಕ ಪರೀಕ್ಷೆ. 1950ರ ದಶಕದ ಆರಂಭದಲ್ಲಿ ಲಿಖಿತ ಭಾಗಗಳು ಬಹುಆಯ್ಕೆಗೆ ತಿರುಗಿದವು. ಪರೀಕ್ಷಕರ ಅಂಕಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲವೆಂದು 1960ರ ದಶಕದಲ್ಲಿ ಹಾಸಿಗೆ ಬದಿಯ ಪರೀಕ್ಷೆಯನ್ನೂ ಮಂಡಳಿ ಕೈಬಿಟ್ಟಿತು. 1992ರಿಂದ ಮಂಡಳಿಯ ಪರೀಕ್ಷೆಯ ಜಾಗಕ್ಕೆ ಯುಎಸ್ಎಂಎಲ್ಇ ಎಂಬ ಪರವಾನಗಿ ಪರೀಕ್ಷೆ ಬರತೊಡಗಿತು.

ವೈದ್ಯಕೀಯ ಪ್ರಶ್ನೆಗಳು ಬರೇ ನೆನಪನ್ನು ಕೆದಕುತ್ತವೆ ಎಂಬ ದೂರು ಬಹುಕಾಲದ್ದು. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಕಲಿಕಾ ಗುರಿಗಳ ವರ್ಗೀಕರಣ ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ ಮೊದಲಾದ ಮೆಟ್ಟಿಲುಗಳನ್ನು ತೋರಿಸಿದಾಗ ಆ ದೂರಿಗೊಂದು ಭಾಷೆ ಸಿಕ್ಕಿತು. ಉತ್ತರವಾಗಿ ಬಂದದ್ದು ರೋಗಿಯ ವೃತ್ತಾಂತದಿಂದ ಶುರುವಾಗುವ ಪ್ರಶ್ನೆ.

ವ್ಯತ್ಯಾಸ ಒಂದು ಉದಾಹರಣೆಯಿಂದ ತಿಳಿಯುತ್ತದೆ. ‘ಹೈಪೋಥೈರಾಯ್ಡಿಸಂನಲ್ಲಿ ರಕ್ತದಲ್ಲಿ ಹೆಚ್ಚುವ ಹಾರ್ಮೋನ್ ಯಾವುದು?’ ಎಂದರೆ ಬಾಯಿಪಾಠ ಸಾಕು. ಅದೇ ವಿಷಯವನ್ನು ಹೀಗೂ ಕೇಳಬಹುದು: 34 ವರ್ಷದ ಮಹಿಳೆ, ನಾಲ್ಕು ತಿಂಗಳಿಂದ ಸುಸ್ತು, ಮಲಬದ್ಧತೆ, ತೂಕ ಹೆಚ್ಚಿದೆ, ಚಳಿ ತಡೆಯಲಾಗುತ್ತಿಲ್ಲ, ನಾಡಿ ನಿಮಿಷಕ್ಕೆ 54. ರೋಗ ಪತ್ತೆಗೆ ಎಲ್ಲಕ್ಕಿಂತ ನೆರವಾಗುವ ರಕ್ತಪರೀಕ್ಷೆ ಯಾವುದು? ಆಯ್ಕೆಗಳು ಟಿಎಸ್ಎಚ್, ಹಿಮೋಗ್ಲೋಬಿನ್, ಕಾರ್ಟಿಸಾಲ್, ಸಕ್ಕರೆ. ಸುಸ್ತನ್ನಷ್ಟೇ ಕಂಡವರು ರಕ್ತಹೀನತೆಯ ಜಾಡು ಹಿಡಿದು ಹಿಮೋಗ್ಲೋಬಿನ್ ಎನ್ನುತ್ತಾರೆ, ತೂಕವನ್ನಷ್ಟೇ ಹಿಡಿದವರು ಕಾರ್ಟಿಸಾಲ್ ಎನ್ನುತ್ತಾರೆ. ಲಕ್ಷಣಗಳನ್ನೆಲ್ಲ ಒಟ್ಟಿಗೆ ಕಂಡವರಿಗಷ್ಟೇ ಹೈಪೋಥೈರಾಯ್ಡಿಸಂ, ಅದರಲ್ಲಿ ಹೆಚ್ಚುವ ಹಾರ್ಮೋನಾದ ಟಿಎಸ್ಎಚ್ ಹೊಳೆಯುತ್ತದೆ. ಇಲ್ಲಿ ಒಂದೊಂದು ತಪ್ಪು ಆಯ್ಕೆಯೂ ಒಂದೊಂದು ಬಗೆಯ ಅರೆನೋಟದ ಗುರುತು. ಆಯ್ಕೆಗಳನ್ನು ಕೈಯಿಂದ ಮುಚ್ಚಿಕೊಂಡರೂ ಬಲ್ಲವರು ಉತ್ತರಿಸುವಂತಿರಬೇಕು ಎಂಬುದು ಪ್ರಶ್ನೆ ಬರೆಯುವವರ ಮೊದಲ ಪಾಠ.

ಕಾನೂನು

ಅಮೆರಿಕದಲ್ಲಿ ವಕೀಲಿಕೆಗೆ 200 ಪ್ರಶ್ನೆಗಳ ಬಹುರಾಜ್ಯ ಬಾರ್ ಪರೀಕ್ಷೆ 1972ರಲ್ಲಿ ಆರಂಭವಾಯಿತು. ಭಾರತೀಯ ವಕೀಲರ ಪರಿಷತ್ತು 2011ರಲ್ಲಿ ಮೊದಲ ಬಾರಿಗೆ ನಡೆಸಿದ ಅಖಿಲ ಭಾರತ ಬಾರ್ ಪರೀಕ್ಷೆಯಲ್ಲಿ 100 ಬಹುಆಯ್ಕೆ ಪ್ರಶ್ನೆಗಳಿರುತ್ತವೆ.

ಭೌತಶಾಸ್ತ್ರ: ತಪ್ಪು ಉತ್ತರವೇ ಆಕರ

ತಪ್ಪು ಆಯ್ಕೆಗಳ ಕಲೆ ತನ್ನ ಎತ್ತರ ಮುಟ್ಟಿದ್ದು ಭೌತಶಾಸ್ತ್ರದಲ್ಲಿ. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಇಬ್ರಾಹಿಂ ಹಲ್ಲೂನ್ ಮತ್ತು ಡೇವಿಡ್ ಹೆಸ್ಟೆನಸ್ 1985ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಮೊದಲು ವಿದ್ಯಾರ್ಥಿಗಳಿಂದ ಉತ್ತರಗಳನ್ನು ಬರೆಸಿ, ಪದೇಪದೇ ಕಾಣುವ ತಪ್ಪುಗಳನ್ನು ಹೆಕ್ಕಿ, ಅವನ್ನೇ ಆಯ್ಕೆಗಳಾಗಿಸಿದರು. ಈ ಬೇರಿನಿಂದ 1992ರಲ್ಲಿ ಹೆಸ್ಟೆನಸ್, ವೆಲ್ಸ್ ಮತ್ತು ಸ್ವಾಕ್‌ಹ್ಯಾಮರ್ ರೂಪಿಸಿದ ‘ಬಲ ಪರಿಕಲ್ಪನಾ ಪ್ರಶ್ನಾವಳಿ’ ಬಂತು. ಅದರಲ್ಲಿ ಸೂತ್ರವಿಲ್ಲ, ಲೆಕ್ಕವಿಲ್ಲ. ದೊಡ್ಡ ಲಾರಿಯೂ ಪುಟ್ಟ ಕಾರೂ ಡಿಕ್ಕಿಯಾದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂಬಂಥ ಪ್ರಶ್ನೆಗಳಿವೆ. ಎರಡೂ ಬಲ ಸಮ ಎಂಬುದು ನ್ಯೂಟನ್ನನ ಮೂರನೇ ನಿಯಮ. ನಜ್ಜುಗುಜ್ಜಾದ ಕಾರು ಕಣ್ಣ ಮುಂದೆ ಬರುವುದರಿಂದ ನಿಯಮವನ್ನು ಉರುಹೊಡೆದವರೂ ಲಾರಿಯ ಕಡೆ ವಾಲುತ್ತಾರೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ತಮ್ಮ ತರಗತಿಗೆ ಇಂಥ ಪ್ರಶ್ನೆಗಳನ್ನು ಕೊಟ್ಟಾಗ, ನೀವು ಕಲಿಸಿದಂತೆ ಬರೆಯಬೇಕೋ ಅಥವಾ ನನಗೆ ಅನಿಸಿದಂತೆ ಬರೆಯಬೇಕೋ ಎಂದು ವಿದ್ಯಾರ್ಥಿಯೊಬ್ಬರು ಕೇಳಿದರಂತೆ. ಕಠಿಣ ಲೆಕ್ಕ ಬಿಡಿಸುವವರೂ ಮೂಲ ಪರಿಕಲ್ಪನೆಯಲ್ಲಿ ಎಡವುವುದನ್ನು ಕಂಡು ಮಜೂರ್ ಪಾಠದ ರೀತಿಯನ್ನೇ ಬದಲಿಸಿದರು: ತರಗತಿಯ ನಡುವೆ ಒಂದು ಬಹುಆಯ್ಕೆ ಪ್ರಶ್ನೆ, ಪಕ್ಕದವರೊಡನೆ ಚರ್ಚೆ, ಮತ್ತೆ ಉತ್ತರ. ಹಲವು ಕಾಲೇಜುಗಳಲ್ಲಿ ಇಂಥ ಪ್ರಶ್ನಾವಳಿಗಳಿಗೆ ಉತ್ತರಿಸಿದ 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶವನ್ನು ಭೌತವಿಜ್ಞಾನಿ ರಿಚರ್ಡ್ ಹೇಕ್ 1998ರಲ್ಲಿ ಪ್ರಕಟಿಸಿದರು. ಕಲಿಯಲು ಬಾಕಿ ಉಳಿದಿದ್ದರಲ್ಲಿ ಉಪನ್ಯಾಸವಷ್ಟೇ ಇದ್ದ ತರಗತಿಗಳು ಸರಾಸರಿ ಶೇ 23ರಷ್ಟನ್ನೂ ವಿದ್ಯಾರ್ಥಿಗಳನ್ನು ತೊಡಗಿಸಿದ ತರಗತಿಗಳು ಶೇ 48ರಷ್ಟನ್ನೂ ಗಳಿಸಿದ್ದವು. ಅಂಕ ಕೊಡುವ ಸಾಧನವೊಂದು ಹೀಗೆ ಕಲಿಸುವ ಸಾಧನವೂ ಆಯಿತು.

ಭಾರತದಲ್ಲಿ

ರಾಧಾಕೃಷ್ಣನ್ ಆಯೋಗ (1948-49) ಮತ್ತು ಮುದಲಿಯಾರ್ ಆಯೋಗ (1952-53) ಎರಡೂ ಪ್ರಬಂಧರೂಪದ ಪರೀಕ್ಷೆಯ ದೋಷಗಳನ್ನು ಎತ್ತಿ ತೋರಿಸಿ ವಸ್ತುನಿಷ್ಠ ಪರೀಕ್ಷೆಗಳತ್ತ ಬೆರಳು ಮಾಡಿದವು. 1957ರಲ್ಲಿ ಬ್ಲೂಮ್ ಅವರೇ ಭಾರತಕ್ಕೆ ಬಂದು ಮೌಲ್ಯಮಾಪನ ಕಮ್ಮಟಗಳನ್ನು ನಡೆಸಿದರು.

ವೃತ್ತಿ ಶಿಕ್ಷಣದ ಪ್ರವೇಶದಲ್ಲಿ ಬದಲಾವಣೆ ಆಮೇಲೆ ಬಂತು. 1961ರಲ್ಲಿ ಶುರುವಾದ ಐಐಟಿಗಳ ಜಂಟಿ ಪ್ರವೇಶ ಪರೀಕ್ಷೆ ಬಹುಕಾಲ ಲೆಕ್ಕವನ್ನು ಹಂತಹಂತವಾಗಿ ಬಿಡಿಸಿ ತೋರಿಸುವ ಪರೀಕ್ಷೆ ಎಂದೇ ಹೆಸರಾಗಿತ್ತು. 2000ದಲ್ಲಿ ಅದಕ್ಕೆ ವಸ್ತುನಿಷ್ಠ ಪೂರ್ವಪರೀಕ್ಷೆ ಸೇರಿತು, 2006ರಲ್ಲಿ ಇಡೀ ಪರೀಕ್ಷೆಯೇ ವಸ್ತುನಿಷ್ಠವಾಯಿತು. ಸಂಶೋಧನಾ ಫೆಲೋಶಿಪ್ ಮತ್ತು ಉಪನ್ಯಾಸಕ ಅರ್ಹತೆಗಾಗಿ ನಡೆಯುವ ಸಿಎಸ್ಐಆರ್ ನೆಟ್ 2011ರಿಂದ ಪೂರ್ತಿ ಬಹುಆಯ್ಕೆಯದು. ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆ, ಸಂಖ್ಯೆಯನ್ನೇ ಟೈಪ್ ಮಾಡಬೇಕಾದ ಪ್ರಶ್ನೆಗಳ ಜೊತೆಗೆ, ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿರುವ ಪ್ರಶ್ನೆಗಳನ್ನು 2021ರಲ್ಲಿ ತಂದಿತು. ಊಹೆಗೆ ಜಾಗ ಕಡಿಮೆ ಮಾಡುವುದು ಇವೆರಡರ ಉದ್ದೇಶ.

ಕರ್ನಾಟಕದ ವೃತ್ತಿ ಶಿಕ್ಷಣ ಪ್ರವೇಶ ಪರೀಕ್ಷೆಯಾದ ಸಿಇಟಿಗೆ ನ್ಯಾಯಾಲಯದ ಹಿನ್ನೆಲೆಯಿದೆ. ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜುಗಳ ಕ್ಯಾಪಿಟೇಶನ್ ಶುಲ್ಕವನ್ನು ಮೋಹಿನಿ ಜೈನ್ ಪ್ರಕರಣದಲ್ಲಿ (1992) ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಅರ್ಹತೆಯ ಮೇಲೆ ಹಂಚುವ ವ್ಯವಸ್ಥೆ ಕಟ್ಟಿತು. 1994ರಲ್ಲಿ ಸಿಇಟಿ ಆರಂಭವಾಯಿತು. ಹಣವಂತರ ಪಾಲಾಗುತ್ತಿದ್ದ ಸೀಟುಗಳು ಹಳ್ಳಿಯ ಕಾಲೇಜಿನಲ್ಲಿ ಓದಿದವರಿಗೂ ರ‍್ಯಾಂಕಿನ ಬಲದಿಂದ ಸಿಗುವಂತಾದದ್ದು ಸಣ್ಣ ಮಾತಲ್ಲ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕಗಳನ್ನೂ ಸಮಪಾಲಿನಲ್ಲಿ ಸೇರಿಸುವ ಕ್ರಮ ಒಂದೇ ದಿನದ ಗುರುತುಗಳ ಮೇಲಿನ ಭಾರವನ್ನು ಇಳಿಸಿತು.

ವೈದ್ಯಕೀಯ ಪ್ರವೇಶದ ನೀಟ್ 2013ರಲ್ಲಿ ಮೊದಲ ಬಾರಿಗೆ ನಡೆದು, ನ್ಯಾಯಾಲಯದ ತಡೆಯ ನಂತರ 2016ರಲ್ಲಿ ಮರಳಿತು. 2017ರಿಂದ ಅದನ್ನು ಕನ್ನಡದಲ್ಲೂ ಬರೆಯಬಹುದು. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬ ನಿಯಮ ಇರುವುದರಿಂದ, ಕನ್ನಡ ಪಾಠವನ್ನು ಸಿದ್ಧಪಡಿಸುವವರ ಒಂದೊಂದು ಪದವೂ ವಿದ್ಯಾರ್ಥಿಯ ಭವಿಷ್ಯಕ್ಕೆ ತಗಲುತ್ತದೆ.

ಊಹೆ ಮತ್ತು ಋಣಾತ್ಮಕ ಅಂಕ

ನಾಲ್ಕು ಆಯ್ಕೆಗಳಿದ್ದರೆ ಕಣ್ಣುಮುಚ್ಚಿ ಗುರುತಿಸಿದವರಿಗೂ ಸರಾಸರಿ ಕಾಲುಭಾಗ ಸರಿಯಾಗುತ್ತದೆ. ಋಣಾತ್ಮಕ ಅಂಕವಿಲ್ಲದ ಸಿಇಟಿಯಲ್ಲಿ ಇದು 60ಕ್ಕೆ 15. ನೀಟ್‌ನಲ್ಲಿ ಸರಿಯುತ್ತರಕ್ಕೆ 4, ತಪ್ಪಿಗೆ ಕಳೆ 1. 180 ಪ್ರಶ್ನೆಗಳಲ್ಲಿ 45 ಸರಿ, 135 ತಪ್ಪಾದರೆ ಉಳಿಯುವುದು 720ಕ್ಕೆ 45. ಊಹೆಯ ಲಾಭ ಪೂರ್ತಿ ಸೊನ್ನೆಯಾಗಬೇಕಿದ್ದರೆ ತಪ್ಪಿಗೆ ಒಂದೂ ಮೂರನೇ ಒಂದರಷ್ಟು ಕಳೆಯಬೇಕಾಗುತ್ತದೆ. ಆಯ್ಕೆಗಳ ಸಂಖ್ಯೆ ಏರಿಸುವುದೂ ಮದ್ದಲ್ಲ. ಹಲವು ದಶಕಗಳ ಅಧ್ಯಯನಗಳನ್ನು 2005ರಲ್ಲಿ ಒಟ್ಟುಗೂಡಿಸಿದ ಸಂಶೋಧಕ ಮೈಕೆಲ್ ರಾಡ್ರಿಗಸ್, ಬಹುತೇಕ ಸಂದರ್ಭಗಳಲ್ಲಿ ಮೂರು ಆಯ್ಕೆ ಸಾಕೆಂದರು. ಯಾರೂ ಗುರುತಿಸದ ನಾಲ್ಕನೆಯದು ಹಾಳೆ ತುಂಬುತ್ತದೆ ಅಷ್ಟೆ.

ಮಿತಿಗಳು

ಬಹುಆಯ್ಕೆ ಪ್ರಶ್ನೆಗಳು ಆಳವಾಗಿ ಯೋಚಿಸುವವರನ್ನೇ ಶಿಕ್ಷಿಸುತ್ತವೆ ಎಂದು ಭೌತವಿಜ್ಞಾನಿ ಬನೇಶ್ ಹಾಫ್‌ಮನ್ 1962ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ವೈದ್ಯ ಶಿಕ್ಷಣತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಕೌಶಲವನ್ನು ನಾಲ್ಕು ಹಂತದ ಪಿರಮಿಡ್ಡಾಗಿ ಚಿತ್ರಿಸಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜಜೀವನದಲ್ಲಿ ಮಾಡುವುದು. ಲಿಖಿತ ಆಯ್ಕೆಗಳು ಮುಟ್ಟುವುದು ಕೆಳಗಿನ ಎರಡನ್ನೇ. ಮೂರನೆಯದಕ್ಕೆ ಡಂಡಿಯ ರೊನಾಲ್ಡ್ ಹಾರ್ಡನ್ 1975ರಲ್ಲಿ ಪರಿಚಯಿಸಿದ ‘ಆಸ್ಕಿ’ ಎಂಬ ಪ್ರಾಯೋಗಿಕ ಪರೀಕ್ಷೆ ಬೇಕು. ಅದರಲ್ಲಿ ವಿದ್ಯಾರ್ಥಿಯು ಒಂದೊಂದೇ ಠಾಣೆಗೆ ಹೋಗಿ ನಾಡಿ ಹಿಡಿಯಬೇಕು, ಎದೆಬಡಿತ ಆಲಿಸಬೇಕು, ರೋಗಿಯೊಡನೆ ಮಾತಾಡಬೇಕು.

ಪ್ರಶ್ನೆಯ ಒಂದು ಪದ ಎಷ್ಟು ತೂಗುತ್ತದೆಂದು 2024ರ ನೀಟ್ ತೋರಿಸಿತು. 23 ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಆ ಪರೀಕ್ಷೆಯ ಭೌತಶಾಸ್ತ್ರ ವಿಭಾಗದಲ್ಲಿ, ಪ್ರತಿಯೊಂದು ಮೂಲವಸ್ತುವಿನ ಪರಮಾಣುಗಳೂ ಸ್ಥಿರ ಎಂಬರ್ಥದ ಹೇಳಿಕೆಯಿತ್ತು. ಹಳೆಯ ಪಠ್ಯಪುಸ್ತಕ ಓದಿದವರಿಗೆ ಅದು ಸರಿ. ವಿಕಿರಣಶೀಲ ಮೂಲವಸ್ತುಗಳನ್ನು ನೆನೆದವರಿಗೆ ತಪ್ಪು. ಮೊದಲು ಎರಡು ಉತ್ತರಗಳಿಗೂ ಅಂಕ ಸಿಕ್ಕಿತು. ಸುಪ್ರೀಂ ಕೋರ್ಟಿನ ಸೂಚನೆಯಂತೆ ದೆಹಲಿ ಐಐಟಿಯ ಮೂವರು ತಜ್ಞರು ಪರಿಶೀಲಿಸಿ ಒಂದೇ ಉತ್ತರ ಸರಿಯೆಂದಾಗ, ನಾಲ್ಕು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ತಲಾ ಐದು ಅಂಕ ಕಳೆದುಕೊಂಡರು, ರ‍್ಯಾಂಕ್ ಪಟ್ಟಿ ಅದಲುಬದಲಾಯಿತು.

ಯಂತ್ರ ತಿದ್ದುವುದರಲ್ಲಿ ಪಕ್ಷಪಾತವಿಲ್ಲ. ಆದರೆ ಪ್ರಶ್ನೆಯನ್ನು ಬರೆಯುವುದು ಮನುಷ್ಯರೇ. ಹಿಂದೆ ಒಬ್ಬ ಶಿಕ್ಷಕನ ಕೆಂಪು ಮಸಿಯಲ್ಲಿದ್ದ ಏರಿಳಿತ ಈಗ ಪ್ರಶ್ನೆ ಬರೆಯುವವರ ಮೇಜಿಗೆ ಬಂದು ಕೂತಿದೆ. ಅರಿಜೋನಾದ ಸಂಶೋಧಕರು ಮಾಡಿದ ಹಾಗೆ ಮೊದಲು ವಿದ್ಯಾರ್ಥಿಗಳ ತಪ್ಪುಗಳನ್ನು ತಾಳ್ಮೆಯಿಂದ ಓದಿ, ಆಮೇಲೆ ಪ್ರಶ್ನೆ ಬರೆದಾಗಲೇ ಆ ಏರಿಳಿತ ತಗ್ಗುವುದು.