ಸೆರೆಮನೆಗೂ ಸ್ವಂತ ಮನೆಗೂ ನಡುವೆ

ಸರ್ಕಾರಿ ನೌಕರಿಯಲ್ಲಿದ್ದವರಿಗೆ ‘ಪ್ರೊಬೇಷನ್’ ಎಂಬ ಪದ ಚಿರಪರಿಚಿತ. ಕೆಲಸಕ್ಕೆ ಸೇರಿದ ಮೇಲೆ ಖಾಯಂ ಆಗುವವರೆಗಿನ ಪರೀಕ್ಷಾ ಅವಧಿ ಅದು. ಆದ್ದರಿಂದಲೇ 1991ರ ಒಂದು ಮಧ್ಯಾಹ್ನ, ನಾನು ಪಾಠ ಮಾಡುತ್ತಿದ್ದ ಪ್ರೌಢಶಾಲೆಗೆ ಬಗಲುಚೀಲ ತೂಗುಹಾಕಿಕೊಂಡ ಒಬ್ಬರು ಬಂದು, “ನಾನು ಪ್ರೊಬೇಷನ್ ಆಫೀಸರ್, ಮೈಸೂರಿನಿಂದ ಬಂದಿದ್ದೇನೆ” ಎಂದಾಗ, ನನ್ನ ಸೇವಾ ಪುಸ್ತಕದಲ್ಲಿ ಏನು ಲೋಪವಾಗಿದೆಯೋ ಎಂದು ಗಾಬರಿಗೊಂಡೆ. ಅವರು ನಕ್ಕು, “ನಿಮ್ಮ ವಿಚಾರವಲ್ಲ ಮೇಷ್ಟ್ರೇ, ನಿಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ವಿಚಾರ” ಎಂದರು.

ಆ ಭೇಟಿಯ ಕಥೆಗೆ ಮುನ್ನ ಈ ಹುದ್ದೆಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಚರಿತ್ರೆ ಬೋಧಿಸಿದವನ ಹಳೆಯ ಚಾಳಿ. ನನ್ನ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ.

ತಪ್ಪು ಮಾಡಿದವನಿಂದ ಮುಚ್ಚಳಿಕೆ ಬರೆಸಿಕೊಂಡು, ಹಿರಿಯರೊಬ್ಬರನ್ನು ಜಾಮೀನು ನಿಲ್ಲಿಸಿಕೊಂಡು ಬಿಟ್ಟುಬಿಡುವ ಕ್ರಮ ನಮ್ಮ ಉಡಿಗಾಲದ ಕಡೆಯ ಹಳ್ಳಿಗಳಿಗೆ ಅಪರಿಚಿತವಲ್ಲ. ಆದರೆ ನ್ಯಾಯಾಲಯದ ವ್ಯವಸ್ಥೆಯೊಳಗೆ ಇದು ಬೆಳೆದುಬಂದ ಬಗೆ ಸ್ವಾರಸ್ಯಕರವಾಗಿದೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ಆಗಸ್ಟಸ್ ಎಂಬ ಬೂಟು ತಯಾರಕನಿದ್ದ. 1841ರಲ್ಲಿ ಆತ ಕುಡುಕನೊಬ್ಬನಿಗೆ ತಾನೇ ಜಾಮೀನು ನಿಂತು ನ್ಯಾಯಾಲಯದಿಂದ ಬಿಡಿಸಿಕೊಂಡು ಹೋದ. ಕೆಲವು ವಾರಗಳ ಬಳಿಕ ಅವನನ್ನು ಸುಧಾರಿಸಿದ ಮನುಷ್ಯನನ್ನಾಗಿ ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿದ. 1859ರಲ್ಲಿ ಸಾಯುವುದರೊಳಗೆ ಸುಮಾರು ಎರಡು ಸಾವಿರ ಜನರಿಗೆ ಆತ ಹೀಗೆ ಹೊಣೆ ನಿಂತಿದ್ದ. ಸಂಬಳವಿಲ್ಲದ ಅವನ ಈ ಕೆಲಸವನ್ನು ಮ್ಯಾಸಚೂಸೆಟ್ಸ್ ರಾಜ್ಯ 1878ರಲ್ಲಿ ಕಾನೂನು ಮಾಡಿ ಸಂಬಳದ ಹುದ್ದೆಯನ್ನಾಗಿಸಿತು. ಇಂಗ್ಲೆಂಡಿನಲ್ಲಿ ಅಂಥ ಕಾನೂನು ಬಂದದ್ದು 1907ರಲ್ಲಿ.

ಭಾರತದಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೇ ಕಲಂ ಮೊದಲ ಬಾರಿ ತಪ್ಪು ಮಾಡಿದವರನ್ನು ಮುಚ್ಚಳಿಕೆಯ ಮೇಲೆ ಬಿಡಲು ಅವಕಾಶ ಕೊಟ್ಟಿತ್ತು. ಆದರೆ ಬಿಡುಗಡೆಯಾದವನ ಬೆನ್ನಿಗೆ ನಿಲ್ಲುವ ಅಧಿಕಾರಿ ಅದರಲ್ಲಿ ಇರಲಿಲ್ಲ. ಆ ಕೊರತೆಯನ್ನು ಕೆಲವು ಪ್ರಾಂತ್ಯಗಳು ತಾವೇ ತುಂಬಿಕೊಂಡವು. ಮದರಾಸು ಪ್ರಾಂತ್ಯದ ಕಾಯಿದೆ 1936ರಲ್ಲಿ ಬಂದಿತು, ಮುಂಬಯಿಯದು 1938ರಲ್ಲಿ.

ನಮ್ಮ ಜಿಲ್ಲೆಯವರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಕೊಳ್ಳೇಗಾಲವು ಆಗ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಸಂಸ್ಥಾನದವು. ಎರಡು ಕಡೆಯವರೂ ಆಡುವ ಭಾಷೆ ಒಂದೇ, ಹರಕೆ ಹೊರುವುದು ಒಬ್ಬನೇ ಮಾದಪ್ಪನಿಗೆ. ಆದರೆ ಕೊಳ್ಳೇಗಾಲದಲ್ಲಿ ಸಿಕ್ಕಿಬಿದ್ದ ಹುಡುಗನಿಗೆ ಮದರಾಸಿನ ಕಾನೂನು, ಚಾಮರಾಜನಗರದಲ್ಲಿ ಸಿಕ್ಕಿಬಿದ್ದವನಿಗೆ ಅರಮನೆಯ ಸರ್ಕಾರದ ಕಾನೂನು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಎರಡು ವರ್ಷಗಳ ನಂತರ, 1958ರಲ್ಲಿ, ಸಂಸತ್ತು ದೇಶದ ಬಹುಭಾಗಕ್ಕೆ ಅನ್ವಯಿಸುವಂತೆ ಅಪರಾಧಿಗಳ ಪ್ರೊಬೇಷನ್ ಕಾಯಿದೆಯನ್ನು ಅಂಗೀಕರಿಸಿತು.

ಹತ್ತೊಂಬತ್ತೇ ಕಲಮುಗಳ ಚಿಕ್ಕ ಕಾಯಿದೆಯದು. ಸಣ್ಣ ಅಪರಾಧವಾದರೆ 3ನೇ ಕಲಮಿನಂತೆ ಬುದ್ಧಿ ಹೇಳಿ ಬಿಡಬಹುದು. 4ನೇ ಕಲಮಿನಂತೆ ಮೂರು ವರ್ಷ ಮೀರದ ಅವಧಿಗೆ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಅಗತ್ಯವೆನಿಸಿದರೆ ಅಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸಬಹುದು. 6ನೇ ಕಲಂ ಇನ್ನೂ ಮುಖ್ಯ. ಅಪರಾಧಿ ಇಪ್ಪತ್ತೊಂದು ವರ್ಷದೊಳಗಿನವನಾಗಿದ್ದು, ಅಪರಾಧವು ಜೀವಾವಧಿ ಶಿಕ್ಷೆಯಂಥದ್ದಲ್ಲದಿದ್ದರೆ, ಅವನನ್ನು ಸೆರೆಮನೆಗೆ ಕಳುಹಿಸುವ ನ್ಯಾಯಾಲಯವು ಬೇರೆ ದಾರಿ ಏಕಿಲ್ಲವೆಂಬುದಕ್ಕೆ ಕಾರಣ ಬರೆಯಬೇಕು. ಹಾಗೆ ತೀರ್ಮಾನಿಸುವ ಮೊದಲು ಪ್ರೊಬೇಷನ್ ಅಧಿಕಾರಿಯ ವರದಿಯನ್ನು ತರಿಸಿಕೊಳ್ಳಬೇಕು. 1964ರ ರತನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹದಿನಾರು ವರ್ಷದ ಹುಡುಗನೊಬ್ಬನಿಗೆ ಈ ಕಲಮಿನ ರಕ್ಷಣೆಯನ್ನು ಮೇಲ್ಮನವಿಯ ಹಂತದಲ್ಲೂ ವಿಸ್ತರಿಸಿತು. ವೇದಪ್ರಕಾಶ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ವಕೀಲರು ಕೇಳದಿದ್ದರೂ ಅಪರಾಧಿಯ ಹಿನ್ನೆಲೆಯನ್ನು ನ್ಯಾಯಾಲಯವೇ ವಿಚಾರಿಸಬೇಕೆಂಬ ಅರ್ಥದಲ್ಲಿ ಬರೆದರು.

ವಿಚಾರಿಸುವುದು ಯಾರು? ನ್ಯಾಯಾಧೀಶರು ಹಳ್ಳಿಗೆ ಬರಲಾರರು. ಪೊಲೀಸರು ವಿಚಾರಿಸುವುದು ಏನು ನಡೆಯಿತೆಂಬುದನ್ನು. ಮಾಡಿದವನು ಯಾರು, ಅವನ ಮನೆ ಎಂಥದು, ಅವನಿಗೆ ಹೊಣೆ ನಿಲ್ಲುವವರುಂಟೇ ಎಂದು ಕೇಳಿಕೊಂಡು ಬರುವುದು ಪ್ರೊಬೇಷನ್ ಅಧಿಕಾರಿಯ ಕೆಲಸ. ಬಿಡುಗಡೆಯಾದವನಿಗೆ ಕೆಲಸ ಹುಡುಕಿಕೊಡಲು ಯತ್ನಿಸುವುದೂ ಅವರ ಕರ್ತವ್ಯವೆಂದು 14ನೇ ಕಲಂ ಹೇಳುತ್ತದೆ.

ಇನ್ನು ಆ ಮಧ್ಯಾಹ್ನಕ್ಕೆ ಬರೋಣ. ಆಗ ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ಅದಾದದ್ದು 1997ರಲ್ಲಿ. ಹಾಗಾಗಿ ಆ ಅಧಿಕಾರಿ ಮೈಸೂರಿನಿಂದ ಬಸ್ಸು ಹಿಡಿದು ಬಂದಿದ್ದರು. ಹುಡುಗನಿಗೆ ಹತ್ತೊಂಬತ್ತು ವರ್ಷ. ಒಂದು ಮೂಟೆ ಅರಿಶಿನ ಕದ್ದನೆಂದು ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡಿದ್ದ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ ಅವನಿಗೆ ನಾನೇ ತರಗತಿ ಶಿಕ್ಷಕನಾಗಿದ್ದೆ.

“ಅವನ ಬಗ್ಗೆ ಏನು ಹೇಳುತ್ತೀರಿ?” ಎಂದರು. “ಶ್ರದ್ಧೆ ಇರಲಿಲ್ಲ. ಸದಾ ಗೈರುಹಾಜರು. ಹೇಳಿದರೂ ಕೇಳುವವನಲ್ಲ” ಎಂದೆ. ಯೋಚಿಸದೆ, ಥಟ್ಟನೆ.

ಅವರು ಅದನ್ನು ಬರೆದುಕೊಳ್ಳಲಿಲ್ಲ. ಹಾಜರಿ ಪುಸ್ತಕ ಇದ್ದರೆ ನೋಡಬಹುದೇ ಎಂದು ಕೇಳಿದರು. ಬೀರುವಿನಿಂದ ಹಳೆಯ ಪುಸ್ತಕ ತೆಗೆಸಿ, ಧೂಳು ಕೊಡವಿ ಕೊಟ್ಟೆ. ಜೂನ್‌ನಿಂದ ಡಿಸೆಂಬರಿನವರೆಗೆ ಅವನ ಸಾಲಿನಲ್ಲಿ ಗೈರು ಬೆರಳೆಣಿಕೆಯಷ್ಟು. ಜನವರಿಯಿಂದಾಚೆಗೆ ಪುಟವೆಲ್ಲ ಗೈರು. ಹಿಂದಿನ ವರ್ಷದ ಪುಸ್ತಕದಲ್ಲೂ ಅದೇ ಕಥೆ. “ಇದು ಯಾವ ಕಾಲ ಮೇಷ್ಟ್ರೇ?” ಎಂದು ಮೆಲ್ಲಗೆ ಕೇಳಿದರು.

ಅರಿಶಿನ ಕೀಳುವ ಕಾಲ. ಈ ಸೀಮೆಯಲ್ಲಿ ಹುಟ್ಟಿದ ನನಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ತಂದೆಯಿಲ್ಲದ ಹುಡುಗ ತಾಯಿಯೊಡನೆ ಕೂಲಿಗೆ ಹೋಗುತ್ತಿದ್ದ. ಎರಡು ವರ್ಷ ಆ ಗೈರುಗಳನ್ನು ಗುರುತು ಹಾಕಿದ್ದು ನನ್ನದೇ ಕೈ. ಒಂದು ದಿನವೂ ಕಾರಣ ಕೇಳಿರಲಿಲ್ಲ. ಮೈಸೂರಿನಿಂದ ಬಂದ ಅಪರಿಚಿತರೊಬ್ಬರು ಹತ್ತು ನಿಮಿಷದಲ್ಲಿ ಕೇಳಿದರು. ನಾನು ಮೊದಲು ಹೇಳಿದ ಮೂರು ಮಾತನ್ನು ಹಿಂತೆಗೆದುಕೊಂಡು, ಗೊತ್ತಿದ್ದುದನ್ನೆಲ್ಲ ಹೇಳಿದೆ. ಅವರು ಈ ಸಲ ಬರೆದುಕೊಂಡು ಹುಡುಗನ ಊರಿನ ದಾರಿ ಕೇಳಿ ನಡೆದರು.

ಅವರ ವರದಿಯಲ್ಲಿ ಏನಿತ್ತೋ ನಾನು ಕಾಣೆ. ಅದು ಗೋಪ್ಯವಾಗಿರಬೇಕೆಂದು 7ನೇ ಕಲಮೇ ಹೇಳುತ್ತದೆ. ಸೋದರಮಾವ ಜಾಮೀನು ನಿಂತು ಹುಡುಗ ಮುಚ್ಚಳಿಕೆಯ ಮೇಲೆ ಬಿಡುಗಡೆಯಾದನೆಂದು ತಿಳಿಯಿತು. ಆಮೇಲೆ ಕೆಲವು ತಿಂಗಳು ಆ ಬಗಲುಚೀಲವನ್ನು ಬಸ್ ನಿಲ್ದಾಣದಲ್ಲಿ ಒಮ್ಮೊಮ್ಮೆ ಕಾಣುತ್ತಿದ್ದೆ.

ಹುಡುಗ ಮುಂದೇನಾದನೆಂದು ನೀವು ಕೇಳಬಹುದು. ಆತ ಸಂಸಾರವಂದಿಗನಾಗಿ ಚೆನ್ನಾಗಿದ್ದಾನೆ. ಇದಕ್ಕಿಂತ ಹೆಚ್ಚು ಹೇಳಲಾರೆ. ಹೀಗೆ ಬಿಡುಗಡೆಯಾದವನಿಗೆ ಆ ಶಿಕ್ಷಾತೀರ್ಪಿನಿಂದ ಬರುವ ಅನರ್ಹತೆ ತಟ್ಟಬಾರದೆಂದು 12ನೇ ಕಲಂ ವಿಧಿಸಿದೆ. ಕಾನೂನು ತನ್ನ ಪುಸ್ತಕದಿಂದ ಒರೆಸಿದ್ದನ್ನು ಊರ ಮಂದಿ ನಾಲಿಗೆಯ ಮೇಲೆ ಉಳಿಸಿಕೊಳ್ಳುವುದು ಸರಿಯಲ್ಲ.

2024ರ ಜುಲೈ 1ರಿಂದ ಹಳೆಯ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಮುಚ್ಚಳಿಕೆಯ ಬಿಡುಗಡೆ ಅದರ 401ನೇ ಕಲಮಿನಲ್ಲಿ ಮುಂದುವರಿದಿದೆ. 1958ರ ಕಾಯಿದೆಯೂ ಉಳಿದಿದೆ. ಹದಿನೆಂಟರೊಳಗಿನವರಿಗೆ 2015ರ ಬಾಲನ್ಯಾಯ ಕಾಯಿದೆಯಿದೆ. ಅಲ್ಲಿಯೂ ಪರಿವೀಕ್ಷಣಾಧಿಕಾರಿ ಮನೆ, ಶಾಲೆ, ನೆರೆಹೊರೆ ಸುತ್ತಿ ಸಾಮಾಜಿಕ ತನಿಖಾ ವರದಿ ಕೊಡುತ್ತಾರೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ಅದರಲ್ಲೂ ಶಿಕ್ಷಕರಾಗಿರುವವರಲ್ಲಿ, ಒಂದು ಮಾತು. ಬಗಲುಚೀಲದ ಅಂಥ ಒಬ್ಬರು ನಿಮ್ಮ ಶಾಲೆಯ ಬಾಗಿಲಿಗೂ ಬಂದಾರು. ಥಟ್ಟನೆ ಉತ್ತರಿಸಬೇಡಿ. ಮೊದಲು ಹಾಜರಿ ಪುಸ್ತಕವನ್ನು ತೆರೆಯಿರಿ.