ದನ ಕಾಯ್ದವರ ಮನೆಯ ಕಾಗದ ಯಾರ ಹತ್ತಿರ ಇದೆ?

ಅಜ್ಜಂಪುರ, ಬೀರೂರು, ಹೊಸದುರ್ಗ, ಚಳ್ಳಕೆರೆ ಕಡೆಯವರಿಗೆ ಕಾವಲು ಅಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ದನ ಮೇಯುವ ಹುಲ್ಲುಗಾವಲು. ಒಂದು ಕಾಲಕ್ಕೆ ಅರಮನೆಯ ದನ ಮೇಯುತ್ತಿದ್ದ ಜಾಗ. ಆ ದನದ ಕಥೆ ಮುನ್ನೂರು ವರ್ಷದಿಂದ ಬರವಣಿಗೆಯಲ್ಲಿದೆ. ಆದರೆ ಆ ದನ ಕಾಯ್ದ ಮನೆತನಗಳ ಕಥೆ? ಅದು ಇನ್ನೂ ಹಟ್ಟಿಗಳ ಟ್ರಂಕಿನಲ್ಲಿದೆ, ಹಿರಿಯರ ಬಾಯಲ್ಲಿದೆ. ಎರಡೂ ಬೇಗ ಹೋಗುವಂಥವು.

ಸರ್ಕಾರದ ಕಡೆಯ ಕಥೆ

ಮೈಸೂರನ್ನು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಮಾಡಿದ್ದರು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರಾಲಿ ಆ ಎತ್ತುಗಳನ್ನು ಫಿರಂಗಿ ಎಳೆಯಲು, ದಂಡಿನ ಸಾಮಾನು ಸಾಗಿಸಲು ಬಳಸಿದ. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ದನ ಹೇಗೆ ನೋಡಿಕೊಳ್ಳಬೇಕು ಎಂದು ಹುಕುಂನಾಮೆಯನ್ನೇ ಹೊರಡಿಸಿದ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನವೆಲ್ಲ ಇಂಗ್ಲಿಷರ ಕೈಗೆ ಹೋಯಿತು. ಖರ್ಚು ಜಾಸ್ತಿ ಎಂದು 1860ರಲ್ಲಿ ಅವರು ಹಿಂಡನ್ನು ಮಾರಿಬಿಟ್ಟರು. ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ ಹೋದಾಗ ಬುದ್ಧಿ ಬಂದು 1866ರಲ್ಲಿ ಮತ್ತೆ ಹಿಂಡು ಕಟ್ಟಿದರು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. ಅಜ್ಜಂಪುರದ ತಳಿ ಕೇಂದ್ರದಲ್ಲಿ ಇವತ್ತಿಗೂ ಆ ತಳಿ ಇದೆ.

ಇಷ್ಟೆಲ್ಲ ನಮಗೆ ಗೊತ್ತಾಗುವುದು ಹಳೇ ಗೆಜೆಟಿಯರ್, ಇಲಾಖೆಯ ದಾಖಲೆಗಳಿಂದ. ಅವುಗಳಲ್ಲಿ ತಳಿಯ ಹೆಸರಿದೆ, ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂಬ ವಿಂಗಡಣೆ ಇದೆ. ಆದರೆ ಬೇಸಿಗೆಯಲ್ಲಿ ಯಾವ ಹಟ್ಟಿಯವರು ಯಾವ ಕೆರೆಗೆ ದನ ಹೊಡೆದುಕೊಂಡು ಹೋಗುತ್ತಿದ್ದರು, ರೋಗ ಬಂದ ವರ್ಷ ಯಾರ ಮನೆಯಲ್ಲಿ ಎಷ್ಟು ದನ ಸತ್ತವು ಎಂದು ಹುಡುಕಿದರೆ ಅಲ್ಲಿ ಸಿಗುವುದು ಕಷ್ಟ. ಅದನ್ನು ಬರೆಯುವುದು ಇಲಾಖೆಯ ಕೆಲಸ ಆಗಿರಲಿಲ್ಲ.

ಈಗ ಯಾಕೆ ಬೇಕು?

2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳನ್ನು ದೊಡ್ಡ ಸಂಸ್ಥೆಗಳಿಗೆ ಕೊಟ್ಟದ್ದು ನಿಮಗೆ ನೆನಪಿರಬಹುದು. ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಹೋಯಿತು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಮುಟ್ಟಿತು. ಇಂಥ ಹೊತ್ತಿನಲ್ಲಿ 'ನಮ್ಮಜ್ಜನ ಕಾಲದಿಂದ ಮೇಯಿಸ್ತಿದ್ದೀವಿ' ಎಂಬ ಮಾತಿಗೆ ಎದುರಿನವರು ಕೇಳುವುದು ಒಂದೇ: ಕಾಗದ ಎಲ್ಲಿ?

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ದನ ಮೇಯಿಸುವ ಹಕ್ಕಿನ ಮಾತೂ ಇದೆ. ನೆಲೆ ನಿಂತು ಮೇಯಿಸುವವರು, ಊರೂರು ಅಲೆದು ಮೇಯಿಸುವವರು ಇಬ್ಬರೂ ಅದರಲ್ಲಿ ಬರುತ್ತಾರೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವು ಎಂದು ತೋರಿಸಬೇಕು. ಲೆಕ್ಕ ಹಾಕಿ: 1930ಕ್ಕೆ ಹೋಗಬೇಕು.

ಅಷ್ಟು ಹಳೇ ಪಹಣಿ ಎಲ್ಲರ ಹತ್ತಿರ ಇರುವುದಿಲ್ಲ. ಅದಕ್ಕೇ ಈ ಕಾಯ್ದೆಯ ನಿಯಮದಲ್ಲಿ ಬೇರೆ ಪುರಾವೆಗಳನ್ನೂ ಹೆಸರಿಸಿದ್ದಾರೆ. ಹಳೇ ಸಂಸ್ಥಾನದ ಕಾಲದ ದಾಖಲೆ, ಬಾವಿ, ಸಮಾಧಿ, ದೇವರ ಜಾಗ, ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆ ಇವೆಲ್ಲ ಆಗುತ್ತವೆ. ಹಳೇ ಭೂದಾಖಲೆಯಲ್ಲಿ ಹೆಸರಿರುವವರಿಗೆ ಕೂಡಿಸುವ ವಂಶಾವಳಿಯೂ ಆಗುತ್ತದೆ. ಒಂದೇ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ನಿಮ್ಮೂರಿನ ಕಾವಲಿಗೆ ಈ ಕಾಯ್ದೆ ಹತ್ತುತ್ತದೋ ಇಲ್ಲವೋ ಎನ್ನುವುದು ಅದು ದಾಖಲೆಯಲ್ಲಿ ಅರಣ್ಯ ಎಂದಿದೆಯೇ ಎಂಬುದರ ಮೇಲೆ ನಿಂತಿದೆ. ಹತ್ತಿದರೂ, ಕಾಗದ ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದು ಕಷ್ಟ.

ಟ್ರಂಕಿನಲ್ಲಿ ಏನೇನು ಇರುತ್ತದೆ

ಹಳ್ಳಿ ಕಡೆ ವರದಿಗೆ ಹೋದಾಗ 'ನಮ್ಮತ್ರ ಏನೂ ಇಲ್ಲ ಸಾರ್' ಎನ್ನುವವರೇ ಜಾಸ್ತಿ. ಟ್ರಂಕು ತೆಗೆದರೆ ಬೇರೆಯೇ ಇರುತ್ತದೆ. ಕಂದಾಯದ ರಸೀದಿ, ಅಣ್ಣತಮ್ಮಂದಿರ ಪಾಲುಪಟ್ಟಿ, ಭೋಗ್ಯದ ಪತ್ರ, ಮದುವೆಯ ಮುಯ್ಯಿ ಪುಸ್ತಕ. ಸಿದ್ಧಗಂಗೆ, ಘಾಟಿ ಸುಬ್ರಹ್ಮಣ್ಯದಂಥ ದನದ ಜಾತ್ರೆಯಲ್ಲಿ ಜೋಡಿ ಕೊಂಡಾಗ ಕೊಟ್ಟ ಚೀಟಿಯೂ ಇರಬಹುದು. ಅದರಲ್ಲಿ ತಾರೀಖು, ಊರು, ಹೆಸರು ಇದ್ದರೆ ಅದೂ ಚರಿತ್ರೆಯೇ.

ಹಳೇ ಶಾನುಭೋಗರ ಮನೆಯಾದರೆ ಕಡತ ಸಿಗಬಹುದು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಸವರಿ, ಒಣಗಿಸಿ, ಬಳಪದಲ್ಲಿ ಬರೆದು ಮಡಚಿಟ್ಟ ಪುಸ್ತಕ ಅದು. ಕಡತಕ್ಕೆ ಎಷ್ಟು ಬೆಲೆ ಇದೆ ಎನ್ನುವುದಕ್ಕೆ ಶೃಂಗೇರಿ ಸಾಕ್ಷಿ. ಟಿಪ್ಪು ಮಠಕ್ಕೆ ಕನ್ನಡದಲ್ಲಿ ಬರೆಸಿದ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಮಠದವರು ನೂರು ವರ್ಷಕ್ಕೂ ಮೇಲೆ ಹಳೇ ಕಾಗದ ಎಂದು ಎಸೆಯದೆ ಇಟ್ಟುಕೊಂಡಿದ್ದರಿಂದ ಚರಿತ್ರೆಯ ಒಂದು ಪುಟ ಉಳಿಯಿತು.

ಕಾಗದವೇ ಇಲ್ಲದ ಮನೆಗಳಲ್ಲಿ ನೆನಪಿದೆ. ಕಾಡುಗೊಲ್ಲರಲ್ಲಿ, ಮ್ಯಾಸಬೇಡರಲ್ಲಿ ದೇವರ ಎತ್ತುಗಳಿವೆ. ಅವುಗಳನ್ನು ನೋಡಿಕೊಳ್ಳುವ ಕಿಲಾರಿಗಳಿಗೆ ಹಿಂಡಿನ ಜಾಡು ಗೊತ್ತು. ಕಾಡುಗೊಲ್ಲರ ಜುಂಜಪ್ಪನ ಪದಗಳಲ್ಲಿ ದನಗಾಹಿ ಬದುಕೇ ತುಂಬಿದೆ. ಉತ್ತರ ಕರ್ನಾಟಕದ ಕಡೆಯಾದರೆ ಹೆಳವರು ಎತ್ತಿನ ಜೊತೆ ಮನೆ ಮುಂದೆ ಬಂದು ವಂಶಾವಳಿ ಓದುತ್ತಾರೆ. ಮುಂದಿನ ಸಲ ಬಂದಾಗ ಕಾಳು ಕೊಟ್ಟು ಕಳಿಸುವ ಮೊದಲು, ಅವರ ಒಪ್ಪಿಗೆ ಕೇಳಿ, ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಮನೆಯಲ್ಲೇ ಮಾಡಬಹುದಾದದ್ದು

ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಹಳೇ ಕಾಗದ ಹಾಳಾಗುತ್ತದೆ, ಆಮೇಲೆ ಬಿಡಿಸಲೂ ಆಗುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪ್ ಬೇಡ. ತುಕ್ಕು ಹಿಡಿದ ಗುಂಡುಪಿನ್ನು ಮೆಲ್ಲಗೆ ತೆಗೆಯಿರಿ. ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಳಪದ ಅಕ್ಷರ ಅಳಿಸಿಹೋಗುತ್ತದೆ. ಟ್ರಂಕನ್ನು ನೆಲದ ಮೇಲಿಡದೆ ಹಲಗೆ ಮೇಲಿಡಿ.

ಕಿಟಕಿ ಬೆಳಕಲ್ಲಿ, ಫ್ಲಾಶ್ ಇಲ್ಲದೆ, ಪ್ರತಿ ಹಾಳೆಯ ಎರಡೂ ಕಡೆ ಫೋಟೊ ತೆಗೆಯಿರಿ. ಮುದ್ರೆ, ಸಹಿ, ಹೆಬ್ಬೆಟ್ಟು ಎಲ್ಲ ಬರಲಿ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದರೆ ಅಕ್ಷರ ಮಸುಕಾಗಬಹುದು, ಡಾಕ್ಯುಮೆಂಟ್ ಎಂದು ಕಳಿಸಿ. ಒಂದು ಪ್ರತಿ ಊರಲ್ಲಿ, ಒಂದು ಪ್ರತಿ ಬೇರೆ ಊರಲ್ಲಿರುವ ಮಕ್ಕಳ ಹತ್ತಿರ ಇರಲಿ. ಜಮೀನಿನ ಕಾಗದ ಗ್ರೂಪಿಗೆ ಹಾಕಬೇಡಿ. ಮೂಲ ಪ್ರತಿಯನ್ನು ನನ್ನಂಥ ವರದಿಗಾರರಿಗೂ ಕೊಡಬೇಡಿ, ಜೆರಾಕ್ಸ್ ಸಾಕು.

ವಂಶಾವಳಿ ಬರೆಯುವಾಗ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಅಜ್ಜಿ ಯಾವ ಹಟ್ಟಿಯಿಂದ ಬಂದಳು, ಅತ್ತೆಯನ್ನು ಎಲ್ಲಿಗೆ ಕೊಟ್ಟರು ಎಂದು ಬರೆದರೆ ಹಿಂಡು ಯಾವ ದಾರಿಯಲ್ಲಿ ಓಡಾಡಿತ್ತು ಎಂಬುದೂ ಅರ್ಧ ಗೊತ್ತಾಗುತ್ತದೆ. ಹೇಳಿದವರ ಹೆಸರು, ವಯಸ್ಸು, ತಾರೀಖು ಕೆಳಗೆ ಬರೆಯಿರಿ.

ಮನೆಯಲ್ಲಿ ಸಿಗದ್ದನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹುಡುಕಿ, ದೃಢೀಕೃತ ನಕಲು ಕೇಳಿ. ಸಂಸ್ಥಾನದ ಕಾಲದ ಕಡತಗಳಿಗೆ ಬೆಂಗಳೂರಿನ ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರ ಇಲಾಖೆ ಇದೆ. ಕಚೇರಿಯ ಕಡತ ನಾಳೆಗೂ ಅಲ್ಲೇ ಇರಬಹುದು, ಮನೆಯ ಹಿರಿಯರ ನೆನಪು ಕಾಯುವುದಿಲ್ಲ. ಹಾಗಾಗಿ ಮೊದಲು ಜಗಲಿ ಮೇಲೆ ಕೂತಿರುವ ಅಜ್ಜನನ್ನೋ ಅಜ್ಜಿಯನ್ನೋ ಮಾತಾಡಿಸಿ, ಕಚೇರಿಗೆ ಆಮೇಲೆ ಹೋದರಾಯಿತು.