ಇಂಗ್ಲೆಂಡಿನ ಪ್ಲಾನಿಂಗ್ ಅರ್ಜಿ ನಡೆದುಬಂದ ದಾರಿ

ಇಂಗ್ಲೆಂಡಿನಲ್ಲಿ ಹೊಸ ಮನೆ ಕಟ್ಟುವವರು, ಹೊಲವನ್ನು ಬಡಾವಣೆ ಮಾಡುವವರು, ವಾಸದ ಮನೆಯನ್ನು ಅಂಗಡಿಯಾಗಿ ಬದಲಿಸುವವರು ಸ್ಥಳೀಯ ಕೌನ್ಸಿಲಿಗೆ ಪ್ಲಾನಿಂಗ್ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಈಗಿನ ರೂಪದ ಅರ್ಜಿ ಜಾರಿಗೆ ಬಂದದ್ದು 1948ರ ಜುಲೈ 1ರಂದು. ಕಟ್ಟುವವರ ಮೇಲೆ ಆಳುವವರ ಅಂಕೆ ಮಾತ್ರ ಅದಕ್ಕಿಂತ ಬಹಳ ಹಳೆಯದು.

1580ರಲ್ಲಿ ಒಂದನೇ ಎಲಿಜಬೆತ್ ರಾಣಿ, ಲಂಡನ್ನಿನ ಕೋಟೆಬಾಗಿಲುಗಳಿಂದ ಮೂರು ಮೈಲಿಯೊಳಗೆ ಮೊದಲು ಮನೆಯಿಲ್ಲದಿದ್ದ ಜಾಗದಲ್ಲಿ ಹೊಸದಾಗಿ ಕಟ್ಟಕೂಡದೆಂದು ಆಜ್ಞೆ ಹೊರಡಿಸಿದಳು. ಜನ ಕಿಕ್ಕಿರಿದರೆ ಪ್ಲೇಗು ಹಬ್ಬುತ್ತದೆ, ದವಸ ತುಟ್ಟಿಯಾಗುತ್ತದೆ, ಊರನ್ನು ಹದ್ದುಬಸ್ತಿನಲ್ಲಿಡುವುದು ಕಷ್ಟವಾಗುತ್ತದೆ ಎಂಬುದು ಅರಮನೆಯ ಭಯ. ಕಟ್ಟುವವರು ಕಟ್ಟುತ್ತಲೇ ಹೋದರು. 1630ರ ದಶಕದ ಹೊತ್ತಿಗೆ ಒಂದನೇ ಚಾರ್ಲ್ಸನ ಅಧಿಕಾರಿಗಳಿಗೆ ಕೆಡವಿಸುವುದಕ್ಕಿಂತ ದಂಡ ಕಟ್ಟಿಸಿಕೊಳ್ಳುವುದೇ ಲಾಭವಾಗಿ ಕಂಡಿತು. ಅಕ್ರಮ-ಸಕ್ರಮದ ಉಪಾಯ ಕರ್ನಾಟಕದಲ್ಲಿ ಹುಟ್ಟಿದ್ದೇನಲ್ಲ.

1666ರ ಮಹಾ ಬೆಂಕಿಯಲ್ಲಿ ಲಂಡನ್ನಿನ ಸುಮಾರು 13,000 ಮನೆಗಳು ಸುಟ್ಟುಹೋದವು. ಇನ್ನು ಮುಂದೆ ಹೊರಗೋಡೆ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕೆಂದು ಮರುವರ್ಷದ ಕಾಯ್ದೆ ಕಟ್ಟುಮಾಡಿತು. ನಿವೇಶನದವರು ನಗರಾಡಳಿತದ ಕಚೇರಿಯಾದ ಗಿಲ್ಡ್‌ಹಾಲಿನಲ್ಲಿ 6 ಷಿಲಿಂಗ್ 8 ಪೆನ್ಸ್ ಕಟ್ಟಿ, ರಸೀದಿಯನ್ನು ನಗರದ ಸರ್ವೇಯರಿಗೆ ಕೊಡಬೇಕಿತ್ತು. ಆತ ಬಂದು ಅಳತೆ ಹಿಡಿದು ಗೂಟ ಹೊಡೆದ ಮೇಲೆಯೇ ಅಡಿಪಾಯದ ಕೆಲಸ. ಆ ಸರ್ವೇಯರುಗಳಲ್ಲಿ ಸೂಕ್ಷ್ಮದರ್ಶಕದ ಸಂಶೋಧನೆಗೆ ಹೆಸರಾದ ವಿಜ್ಞಾನಿ ರಾಬರ್ಟ್ ಹುಕ್ ಕೂಡ ಒಬ್ಬ.

ನಕ್ಷೆ ಸಲ್ಲಿಸುವ ಪದ್ಧತಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಕಾಲರಾದ ಹೊಡೆತ ಬಿದ್ದ ಮೇಲೆ. 1858ರ ಕಾಯ್ದೆ ಬೈಲಾ ಮಾಡಿ ನಕ್ಷೆ ತರಿಸಿಕೊಳ್ಳುವ ಅಧಿಕಾರವನ್ನು ಊರಾಡಳಿತಗಳಿಗೆ ಕೊಟ್ಟಿತು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ಪ್ರಕಾರ ನಕ್ಷೆ ಕೈಸೇರಿದ ಒಂದು ತಿಂಗಳೊಳಗೆ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ತಿಳಿಸಬೇಕಿತ್ತು. 1877ರ ಮಾದರಿ ಬೈಲಾಗಳು ಬೀದಿಯ ಅಗಲ 36 ಅಡಿ ಇರಲಿ, ಮನೆಯ ಹಿಂದೆ 150 ಚದರ ಅಡಿ ಬಯಲು ಬಿಡಲಿ ಎಂದವು. ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಇಂದಿಗೂ ಕಾಣುವ ಒಂದೇ ಅಚ್ಚಿನ ಸಾಲುಮನೆಗಳು ಈ ನಿಯಮಗಳ ಕೂಸುಗಳು. ಆಗಿನ ನಕ್ಷೆಗಳಲ್ಲಿ ಇಟ್ಟಿಗೆಗೆ ನಸುಗೆಂಪು, ಮರಕ್ಕೆ ಹಳದಿ ಬಣ್ಣ ಬಳಿಯುತ್ತಿದ್ದರು. ಎಷ್ಟೋ ಪತ್ರಾಗಾರಗಳಲ್ಲಿ ಅವು ಉಳಿದಿವೆ. ಗೋಡೆ ಗಟ್ಟಿಯೇ, ಚರಂಡಿ ಹರಿಯುತ್ತದೆಯೇ, ಗಾಳಿಯಾಡುತ್ತದೆಯೇ ಎಂಬುದಕ್ಕಿಂತ ಆಚೆಗಿನದೇನನ್ನೂ ಊರಾಡಳಿತ ಕೇಳುವಂತಿರಲಿಲ್ಲ. ಆ ಜಾಗದಲ್ಲಿ ಕಟ್ಟಡವೇ ಬೇಕೇ ಎಂದು ಕೇಳಲು ಕಾನೂನಿನಲ್ಲಿ ಎಡೆಯಿರಲಿಲ್ಲ.

1909ರಲ್ಲಿ ಸಚಿವ ಜಾನ್ ಬರ್ನ್ಸ್ ತಂದ ಮೊದಲ ನಗರ ಯೋಜನಾ ಕಾಯ್ದೆಯಾಗಲಿ, 1932ರ ಕಾಯ್ದೆಯಾಗಲಿ ಈ ಕೊರತೆಯನ್ನು ಪೂರ್ತಿ ನೀಗಲಿಲ್ಲ. ಬೇಡವೆಂದರೆ ಜಮೀನಿನವರಿಗೆ ಪರಿಹಾರ ಕೊಡಬೇಕಾದೀತೆಂದು ಕೌನ್ಸಿಲುಗಳು ಅಂಜುತ್ತಿದ್ದವು. ಎರಡು ಮಹಾಯುದ್ಧಗಳ ನಡುವೆ ಹೆದ್ದಾರಿಗಳ ಇಕ್ಕೆಲದಲ್ಲೂ ಮನೆಗಳು ಸಾಲುಗಟ್ಟಿದವು. ಸಸೆಕ್ಸ್ ಕಡಲತಡಿಯ ಗುಡ್ಡದ ಮೇಲೆ ಪೀಸ್‌ಹೇವನ್ ಎಂಬ ಬಂಗಲೆಗಳ ಊರು ಹರಡಿಕೊಂಡಿತು. 1935ರಲ್ಲಿ ಹೆದ್ದಾರಿ ಪಕ್ಕದ ಕಟ್ಟಡಗಳಿಗಷ್ಟೇ ಒಂದು ಕಾಯ್ದೆ ಬಂದದ್ದು ಹೊಲ ಮೇಯ್ದ ಮೇಲೆ ಬೇಲಿ ಹಾಕಿದಂತಾಯಿತು.

ಯುದ್ಧಾನಂತರದ ಲೇಬರ್ ಸರ್ಕಾರದಲ್ಲಿ ಸಚಿವ ಲೂಯಿಸ್ ಸಿಲ್ಕಿನ್ ತಂದ 1947ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಗಂಟನ್ನು ಬುಡದಲ್ಲೇ ಕತ್ತರಿಸಿತು. ಜಮೀನು ಒಡೆಯನದೇ, ಅದರ ಮೇಲೆ ಕಟ್ಟುವ ಹಕ್ಕು ಮಾತ್ರ ಸರ್ಕಾರದ್ದು. 1948ರ ಜುಲೈಯಿಂದ ಕಟ್ಟಬೇಕೆನ್ನುವವರು ಅರ್ಜಿ ಹಾಕಿ ಅನುಮತಿ ಪಡೆಯಬೇಕಾಯಿತು. ಹೀಗೆ ಹೋದ ಹಕ್ಕಿಗೆ ಪರಿಹಾರವೆಂದು 30 ಕೋಟಿ ಪೌಂಡ್ ತೆಗೆದಿಟ್ಟಿತು. ಅನುಮತಿಯಿಂದ ಜಮೀನಿನ ಬೆಲೆ ಏರಿದರೆ ಆ ಏರಿಕೆಯಷ್ಟನ್ನೂ ತೆರಿಗೆಯಾಗಿ ಕೇಳಿತು. ಕನ್ಸರ್ವೇಟಿವರು ಬಂದು 1953ರಲ್ಲಿ ತೆರಿಗೆಯನ್ನು ಕಿತ್ತುಹಾಕಿದರು. ಅರ್ಜಿಯನ್ನು ಮುಟ್ಟಲಿಲ್ಲ. ಅನುಮತಿ ವ್ಯಕ್ತಿಗಲ್ಲ, ನೆಲಕ್ಕೆ. ಮನೆ ಮಾರಿದರೆ ಅದೂ ಜೊತೆಗೇ ಹೋಗುತ್ತದೆ. ಇನ್ನೊಬ್ಬರ ಜಮೀನಿಗೂ ಯಾರು ಬೇಕಾದರೂ ಅರ್ಜಿ ಹಾಕಬಹುದು. ಒಡೆಯರಿಗೆ ನೋಟಿಸು ಕೊಡಲೇಬೇಕೆಂಬ ನಿಯಮ ಬಂದದ್ದು 1959ರಲ್ಲಿ.

ಕರ್ನಾಟಕದ ಕಾಯ್ದೆಯ ಹೆಸರಿನಲ್ಲೇ 1947ರ ಈ ಕಾಯ್ದೆಯ ನಂಟು ಕಾಣುತ್ತದೆ. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಯೋಜನಾ ಪ್ರದೇಶದಲ್ಲಿ ಭೂಬಳಕೆ ಬದಲಿಸಲು ಪ್ರಾಧಿಕಾರದ ಲಿಖಿತ ಅನುಮತಿ ಬೇಕೆನ್ನುತ್ತದೆ.

ಅಕ್ಕಪಕ್ಕದವರ ಮಾತಿಗೆ ಇಂಗ್ಲೆಂಡಿನಲ್ಲಿ ಬೆಲೆ ಬಂದದ್ದು ತಡವಾಗಿ. ಕಸಾಯಿಖಾನೆ, ಸಾರ್ವಜನಿಕ ಶೌಚಾಲಯಗಳಂಥ ನೆರೆಗೆ ಬೇಡವಾದವುಗಳ ಅರ್ಜಿಯನ್ನು ಊರಿಗೆ ಸಾರಬೇಕೆಂದು ಹೇಳಿದ್ದೂ 1959ರ ಕಾಯ್ದೆಯೇ. ಎಲ್ಲ ಅರ್ಜಿಗಳಿಗೂ ಅದು ಅನ್ವಯವಾದದ್ದು 1990ರ ದಶಕದಲ್ಲಿ. ಕೌನ್ಸಿಲ್ ಬೇಡವೆಂದರೆ ಮೇಲ್ಮನವಿ ಸಚಿವರಿಗೆ. ಇದರ ಹೆಸರಾಂತ ಪ್ರಕರಣ ಆಕ್ಸ್‌ಫರ್ಡಿನ ಹೆಡಿಂಗ್ಟನ್ನಿನದು. 1986ರ ಆಗಸ್ಟ್ 9ರಂದು ಸಾಲುಮನೆಯೊಂದರ ಹೆಂಚಿನ ಮಾಡಿನಲ್ಲಿ, ಆಕಾಶದಿಂದ ತಲೆಕೆಳಗಾಗಿ ಬಿದ್ದು ಹೂತುಕೊಂಡಂತೆ, 25 ಅಡಿಯ ಫೈಬರ್‌ಗ್ಲಾಸ್ ಶಾರ್ಕ್ ಎದ್ದು ನಿಂತಿತು. ಅದು ಅಣುಬಾಂಬಿನ ವಿರುದ್ಧ ಮನೆಯೊಡೆಯನ ಪ್ರತಿಭಟನೆ. ಅದು ನಾಗಸಾಕಿಯ ಮೇಲಿನ ಅಣುಬಾಂಬ್ ದಾಳಿಯ ವಾರ್ಷಿಕ ದಿನ. ಬಿದ್ದೀತೆಂದು ಕೌನ್ಸಿಲ್ ಮೊದಲು ತಕರಾರು ತೆಗೆಯಿತು. ತಪಾಸಣೆಯಲ್ಲಿ ಭದ್ರವೆಂದು ಕಂಡುಬಂದಾಗ ಅನುಮತಿಯಿಲ್ಲವೆಂದಿತು. ಬೇಕಿದ್ದರೆ ಈಜುಕೊಳದಲ್ಲಿ ಇಡೋಣವೆಂದೂ ಹೇಳಿ ನೋಡಿತು. 1992ರಲ್ಲಿ ಸಚಿವ ಮೈಕೆಲ್ ಹೆಸೆಲ್ಟೈನರ ಇಲಾಖೆ ಶಾರ್ಕ್ ಇರಲೆಂದು ತೀರ್ಪಿತ್ತಿತು. ಮೂವತ್ತು ವರ್ಷಗಳ ಬಳಿಕ ಅದೇ ಕೌನ್ಸಿಲ್ ಅದನ್ನು ಊರಿನ ಪರಂಪರೆಯ ಪಟ್ಟಿಗೆ ಸೇರಿಸಿತು.

ಅರ್ಜಿಗೆ ಶುಲ್ಕ 1981ರಲ್ಲಿ ಬಂತು. ಅರ್ಜಿಗಳನ್ನು ಪಡೆಯುವ ಸರ್ಕಾರಿ ಜಾಲತಾಣ 2002ರಲ್ಲಿ, ಇಂಗ್ಲೆಂಡಿಗೆಲ್ಲ ಒಂದೇ ನಮೂನೆ 2008ರಲ್ಲಿ. ಅನುಮತಿ ಪಡೆದು ಸುಮ್ಮನೆ ಕೂರುವವರಿಗೆ 1968ರ ಕಾಯ್ದೆ ಐದು ವರ್ಷದ ಗಡುವು ಹಾಕಿತ್ತು. 2005ರಿಂದ ಅದು ಸಾಮಾನ್ಯವಾಗಿ ಮೂರು ವರ್ಷ. ಅಷ್ಟರೊಳಗೆ ಕೆಲಸ ಶುರುವಾಗದಿದ್ದರೆ ಅನುಮತಿ ಬಿದ್ದುಹೋಗುತ್ತದೆ, ಮತ್ತೆ ಅರ್ಜಿ ಹಾಕಬೇಕು.